ನೀರು ಬಲಗಡೆ ಇರಲಿ

ಹಾರ ಹಾಕಿರುವ ಆ ಫೋಟೋ ತೆಗೆದವನು ನಾನು. ಫ್ರಾನ್ಸಿನ ಲ್ವಾರ್ ನದಿಯ ಕಣಿವೆ, ದ್ರಾಕ್ಷಿ ತೋಟವೊಂದರ ಅಂಚು. ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್, ಇನ್ನೊಂದರಲ್ಲಿ ಅರ್ಧ ಜೋಳದ ರೊಟ್ಟಿ ಹಿಡಿದು ಅಂಕಲ್ ನಗುತ್ತಿದ್ದಾರೆ. ಐದು ವರ್ಷದ ಹಿಂದಿನ ಸೆಪ್ಟೆಂಬರ್. ಅವರು ತೀರಿಕೊಂಡ ಮೂರನೇ ದಿನ ಮಗಳು ಅದನ್ನು ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಗೋಡೆಗೆ ತೂಗುಹಾಕಿ, ಅದರದೊಂದು ಚಿತ್ರ ನನಗೆ ಕಳಿಸಿದಳು. ಜೊತೆಗೆ ಇಂಗ್ಲಿಷಿನಲ್ಲಿ ಮೂರು ಸಾಲು. ಅಮ್ಮನಿಗೆ ಇದೇ ಫೋಟೋ ಬೇಕಂತೆ. ಸೇತುವೆ ದಾಟಿದ ದಿನದ್ದಂತೆ. ಹದಿಮೂರನೇ ದಿನ ನೀವು ಬಂದು ಆ ದಿನದ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ.

ಅದು ಸೇತುವೆ ದಾಟಿದ ದಿನದ ಫೋಟೋ ಅಲ್ಲ. ಹಿಂದಿನ ದಿನದ್ದು. ಇದು ಗೊತ್ತಿರುವುದು ನನಗೊಬ್ಬನಿಗೇ.

ಮೆಸೇಜ್ ಬಂದಾಗ ನಾನು ಅಮೆರಿಕದಲ್ಲಿ, ಡಾಲಸ್ ಪಕ್ಕದ ಪ್ಲೇನೋದ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ಆಫ್ ಮಾಡಿ ಇಳಿಯಲು ಬಾಗಿಲು ತೆಗೆದಿದ್ದೆ. ತೆಗೆದ ಬಾಗಿಲು ಹಾಕಿಕೊಂಡು ಮತ್ತೆ ಕೂತೆ. ಒಂಬತ್ತು ಗಂಟೆಯ ಮೀಟಿಂಗಿಗೆ ಹೋಗಲಿಲ್ಲ. ಸುಮಾರು ಹೊತ್ತಿನ ಮೇಲೆ ಖಂಡಿತ ಬರುತ್ತೇನೆ ಎಂದು ಬರೆದು ಕಳಿಸಿದೆ. ಬರುತ್ತೇನೆ ಎಂದೆನೇ ಹೊರತು ಮಾತಾಡುತ್ತೇನೆ ಎನ್ನಲಿಲ್ಲ. ಇಂಥ ಸಣ್ಣ ಜಾಣತನಗಳು ನನ್ನಲ್ಲಿ ಬಹಳ ಇವೆ. ಆ ಫೋಟೋ ಕೂಡ ಅಂಥದೇ ಒಂದು.

ಆಸ್ಟಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಿನಿಂದ ನಾನು ದಿನಚರಿ ಬರೆಯುತ್ತೇನೆ. ನೆನಪಿನ ಮೇಲಿನ ಪ್ರೀತಿಯಿಂದಲ್ಲ, ಅದರ ಮೇಲೆ ನಂಬಿಕೆ ಇಲ್ಲದ್ದರಿಂದ. ಅವತ್ತು ಸಂಜೆ ಮನೆಗೆ ಹೋದವನೇ ಆ ವರ್ಷದ ಪುಸ್ತಕ ಹುಡುಕಿ ತೆಗೆದೆ. ಫ್ರಾನ್ಸಿನ ಹನ್ನೊಂದು ದಿನಗಳಲ್ಲಿ ಹತ್ತು ದಿನಕ್ಕೆ ಎರಡೆರಡು ಪುಟ ಬರೆದಿದ್ದೇನೆ. ಸೇತುವೆಯ ದಿನಕ್ಕೆ ಇದ್ದದ್ದು ನಾಲ್ಕು ಮಾತು: "ಬಿಸಿಲು. ಸೇತುವೆ. ಅಂಕಲ್‌ಗೆ ಸುಸ್ತು. ಟ್ಯಾಕ್ಸಿ." ನಾನು ಅಂಕಲ್ ಹೆಂಡತಿ ಆಂಟಿಯಿಂದ ಮಾತ್ರವಲ್ಲ, ನನ್ನ ದಿನಚರಿಯಿಂದಲೂ ಮುಚ್ಚಿಟ್ಟಿದ್ದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಒಂದು ಭಾಗಕ್ಕೆ ದಿನಚರಿಯ ಸಾಕ್ಷಿ ಇದೆ. ಉಳಿದದ್ದಕ್ಕೆ ನನ್ನ ನೆನಪೊಂದೇ. ಎಲ್ಲಿ ಸಂಶಯವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ಇಲ್ಲಿ ಐವತ್ತು ದಾಟಿದವರೆಲ್ಲ ಅಂಕಲ್‌ಗಳೇ. ಅವರಿಗೆ ಮಾತ್ರ ಅದೇ ಹೆಸರಾಗಿಬಿಟ್ಟಿತ್ತು. ನಮ್ಮ ಟೀಮಿನ ಅಮೆರಿಕನ್ನರೂ ಮೀಟಿಂಗಿನಲ್ಲಿ ಹಾಗೇ ಕರೆಯುತ್ತಿದ್ದರು. ನಾನು ಪ್ಲೇನೋದ ಆ ಕಂಪನಿಗೆ ಕಾಂಟ್ರಾಕ್ಟರ್ ಆಗಿ ಸೇರಿದಾಗ ಅವರು ಟೆಸ್ಟಿಂಗ್ ವಿಭಾಗದ ಹಿರಿಯರು. ಮೈಸೂರಿನವರು, ನಿಧಾನದ ಮಾತು. ನಾವು ಬರೆದ ಪ್ರೋಗ್ರಾಮನ್ನು ಅವರ ಮುಂದಿಟ್ಟು ಚೆನ್ನಾಗಿ ಓಡುತ್ತಿದೆ ಎಂದರೆ, ತೋರುಬೆರಳಿನಿಂದ ಟೇಬಲನ್ನು ಎರಡು ಸಲ ಕುಟ್ಟಿ, "ಓಡೋದು ಬಿಡಯ್ಯ. ಎಲ್ಲಿ ಕೆಡುತ್ತೆ ಹೇಳು" ಎನ್ನುತ್ತಿದ್ದರು. ಎಲ್ಲೂ ಕೆಡುವುದಿಲ್ಲ ಎಂದವನನ್ನು ಕೂರಿಸಿಕೊಂಡು ಐದೇ ನಿಮಿಷದಲ್ಲಿ ಕೆಡಿಸಿ ತೋರಿಸುತ್ತಿದ್ದರು. ಅವಮಾನ ಮಾಡುವ ಧಾಟಿ ಇರುತ್ತಿರಲಿಲ್ಲ. ಕಳೆದ ಚಾವಿಯನ್ನು ಹುಡುಕಿಕೊಟ್ಟವರ ಹಾಗೆ ಸಂತೋಷಪಡುತ್ತಿದ್ದರು.

ಆಫೀಸಿನ ಹೊರಗೂ ಅದೇ ಅಭ್ಯಾಸ. ಒಂದು ಯುಗಾದಿ ಊಟಕ್ಕೆ ಇನ್ನೂರು ಜನರ ಸಾಲು ಹೇಗೆ ಸಾಗಬೇಕೆಂದು ನಾವು ಹುಡುಗರು ಕಾಗದದ ಮೇಲೆ ಬರೆದು ತೋರಿಸಿದೆವು. ಅಂಕಲ್ ಬೆರಳಿನಿಂದ ಎರಡು ಸಲ ಕುಟ್ಟಿ, ಹೋಳಿಗೆ ಹತ್ತಿರ ಕೆಡುತ್ತೆ ಎಂದರು. ಹೋಳಿಗೆಗೆ ತುಪ್ಪ ಹಾಕುವವರು ಒಬ್ಬರೇ, ಹಾಲು ಬೇಕೋ ತುಪ್ಪ ಬೇಕೋ ಎಂದು ಕೇಳುತ್ತಾರೆ, ತಿನ್ನುವವರು ಯೋಚಿಸುತ್ತಾರೆ, ಅಲ್ಲಿ ನಿಲ್ಲುತ್ತೆ ಎಂದರು. ಅಲ್ಲೇ ನಿಂತಿತು.

ತಿನ್ನುವ ಯಾವುದನ್ನೂ ಅವರು ಇಡಿಯಾಗಿ ತಿಂದದ್ದು ನಾನು ನೋಡಿಲ್ಲ. ಬಿಸ್ಕತ್ತಾಗಲಿ ಕೋಡುಬಳೆಯಾಗಲಿ ಮೊದಲು ಎರಡು ತುಂಡು ಮಾಡುವುದು, ಒಂದನ್ನು ಪಕ್ಕಕ್ಕೆ ಸರಿಸಿಡುವುದು, ಆಮೇಲೆ ತಮ್ಮದಕ್ಕೆ ಕೈ ಹಾಕುವುದು. ಪಕ್ಕದಲ್ಲಿ ಯಾರಿದ್ದರೂ ಆ ಅರ್ಧ ಅವರದು. ಯಾರೂ ಇಲ್ಲದಿದ್ದರೂ ಸರಿಸಿಡುತ್ತಿದ್ದರು. ಆಫೀಸಿನಲ್ಲಿ ಅವರ ಕೀಬೋರ್ಡಿನ ಪಕ್ಕ ಸದಾ ಒಂದು ಅರ್ಧ ಬಿಸ್ಕತ್ತು ಇರುತ್ತಿತ್ತು.

ಸೈಕಲ್ ಹಿಡಿದದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಡಾಕ್ಟರು ಸಕ್ಕರೆ ಕಾಯಿಲೆಯ ಮಾತೆತ್ತಿದ ಮೇಲೆ. ಅವರ ಮನೆ ಅಲೆನ್‌ನಲ್ಲಿ. ನನ್ನದು ಪ್ಲೇನೋದ ಅಪಾರ್ಟ್‌ಮೆಂಟ್. ಶನಿವಾರ ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು, ಹಳ್ಳದ ಪಕ್ಕದ ಸೈಕಲ್ ದಾರಿಯಲ್ಲಿ ಇಬ್ಬರೂ ಮೂವತ್ತು ಕಿಲೋಮೀಟರ್ ಹೋಗಿ ಬರುತ್ತಿದ್ದೆವು. ಹಳೇ ಬನಿಯನ್ನಿನ ತುಂಡಿನಿಂದ ಚೈನ್ ಒರೆಸದೆ ಅವರು ಹತ್ತುತ್ತಿರಲಿಲ್ಲ. ನಮ್ಮ ಕಡೆ ಏರು ಎಂದರೆ ಫ್ರೀವೇ ದಾಟುವ ಓವರ್‌ಪಾಸ್ ಒಂದೇ. ಅದನ್ನು ಹತ್ತಿ ಇಳಿದಾಗಲೆಲ್ಲ ಚಾಮುಂಡಿ ಬೆಟ್ಟ ಮುಗೀತು ಎನ್ನುತ್ತಿದ್ದರು.

ಲ್ವಾರ್ ಬಂದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ. ಕಾಯುತ್ತ ಕೂತಾಗ ತಿರುವಿಹಾಕಿದ ಪತ್ರಿಕೆಯಲ್ಲಿ ಒಂದು ನಕ್ಷೆ ಇತ್ತಂತೆ. ಉದ್ದಕ್ಕೆ ಪಶ್ಚಿಮಕ್ಕೆ ಹರಿಯುವ ನದಿ, ದಂಡೆಗುಂಟ ಸೈಕಲ್ ದಾರಿ, ದಾರಿಯುದ್ದಕ್ಕೂ ಕೋಟೆಗಳು, ದ್ರಾಕ್ಷಿ ತೋಟಗಳು. ಕೌಂಟರಿನ ಹುಡುಗಿಯನ್ನು ಕೇಳಿ ಆ ಹಾಳೆ ಹರಿದುಕೊಂಡು ಬಂದರು. ಗರಾಜಿನ ಹಳೇ ಫ್ರಿಜ್ಜಿಗೆ ಅಂಟಿಸಿದರು. ನದಿ ಪಕ್ಕ ಹೋದರೆ ಏರು ಇರೋದಿಲ್ಲ, ನಮಗಿಂತ ಮುಂಚೆ ನೀರೇ ದಾರಿ ಸಮ ಮಾಡಿರುತ್ತೆ ಎಂಬುದು ಅವರು ಕೊಟ್ಟ ಮೊದಲ ಕಾರಣ. ಎರಡನೆಯದು ಆಂಟಿ. ಆಂಟಿ ವಿಜಯಪುರದ ಕಡೆಯವರು, ಅವರ ತಂದೆಗೆ ದ್ರಾಕ್ಷಿ ತೋಟವಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ದ್ರಾಕ್ಷಿಯ ವಿಷಯ ಹೇಳುವಾಗ ತಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲವೆಂದೂ, ಈಗ ನೋಡಿ ಬಂದು ತಾನೇ ಹೇಳಬೇಕೆಂದೂ ಅವರಿಗೆ ಆಸೆ. ಆಂಟಿಗೆ ಮಂಡಿ ನೋವು, ಸೈಕಲ್ ಮಾತೇ ಇಲ್ಲ.

ರಿಟೈರ್ ಆದ ವರ್ಷ ಹೊರಟೇ ಬಿಡುತ್ತೇನೆಂದರು. ಆಂಟಿ ನನ್ನನ್ನು ಊಟಕ್ಕೆ ಕರೆದರು. ಬಡಿಸುತ್ತಲೇ ಷರತ್ತು ಹಾಕಿದರು.

"ತಮ್ಮಾ, ನೀ ಸಂಗಡ ಹೋದ್ರ ಅಷ್ಟ ಕಳಸ್ತೀನಿ. ಮತ್ತ ದಿನಾ ಒಂದ ಫೋಟೋ ಕಳಸಬೇಕು. ಮಾತಾಡೂದು ಬ್ಯಾಡ, ಮಾರಿ ಕಂಡ್ರ ಸಾಕು."

ದಿನಾ ಹಾಜರಿ ಕೊಡಬೇಕು ನೋಡು ಎಂದು ಅಂಕಲ್ ನನ್ನ ಕಡೆ ತಿರುಗಿ ನಕ್ಕರು. ಗೈರುಹಾಜರಾದರೆ ಅರ್ಧಕ್ಕೇ ವಾಪಸ್ ಕರೆಸುತ್ತೇನೆ ಎಂದು ಆಂಟಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅಲ್ಲಿಯ ಸಂಜೆ ನಾಲ್ಕು, ಇಲ್ಲಿಯ ಬೆಳಿಗ್ಗೆ ಒಂಬತ್ತು. ಆಂಟಿ ಚಹಾ ಹಿಡಿದು ಕೂರುವ ಹೊತ್ತು. ನಾನು ಫೋನಿನಲ್ಲಿ ನಾಲ್ಕು ಗಂಟೆಗೆ ಅಲಾರ್ಮ್ ಇಟ್ಟುಕೊಂಡೆ.

ಆ ಬೇಸಿಗೆಯಲ್ಲಿ ಏರು ಅಭ್ಯಾಸ ಆಗಲೆಂದು ಎರಡು ಸಲ ಆಸ್ಟಿನ್‌ಗೆ ಹೋದೆವು. ಕಾರಿನ ಹಿಂದೆ ಸೈಕಲ್‌ಗಳು, ಮೂರೂವರೆ ಗಂಟೆಯ ದಾರಿ. ಎರಡನೇ ಸಲ ಊರ ನಡುವಿನ ಕೆರೆಯಂಥ ನೀರಿನ ಸುತ್ತ ಹೋದೆವು. ಅಲ್ಲಿ ದಾರಿ ಕವಲಾದ ಕಡೆಯೆಲ್ಲ ಅಂಕಲ್ ಒಂದು ಕಾಲು ಊರಿ ನಿಂತು ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದರು. ಮೊದಲ ಸಲ ನನಗಾಗಿ ಕಾಯುತ್ತಿದ್ದಾರೆಂದುಕೊಂಡೆ. ಮೂರನೇ ಸಲಕ್ಕೆ ಹಾಗನ್ನಿಸಲಿಲ್ಲ. ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದಾಗ, ಕಾರು ಎಲ್ಲಿ ಬಿಟ್ಟಿದ್ದೆವೆಂದು ಕೇಳಿದರು. ಕಾರು ಎದುರಿಗೇ ಇತ್ತು.

ಈಗ ಒಂದು ತಪ್ಪೊಪ್ಪಿಗೆ. "ನೀರು ಬಲಗಡೆ ಇರಲಿ" ಎನ್ನುವುದು ಅಂಕಲ್ ಮಾತೆಂದು ಡಾಲಸ್‌ನ ನಮ್ಮ ಗೆಳೆಯರಿಗೆಲ್ಲ ಗೊತ್ತು. ಅವರು ತೀರಿಕೊಂಡ ದಿನ ವಾಟ್ಸಾಪ್ ಗುಂಪಿನಲ್ಲಿ ಆ ಮಾತನ್ನು ಹತ್ತು ಜನ ಹಾಕಿದರು. ಬದುಕಿನ ಬಗ್ಗೆ ಅಂಕಲ್ ಹೇಳಿದ ದೊಡ್ಡ ಮಾತು ಎನ್ನುವ ಹಾಗೆ. ಐದು ವರ್ಷ ನಾನೂ ಅದನ್ನು ಅವರ ಮಾತೆಂದೇ ಹೇಳಿಕೊಂಡು ಬಂದಿದ್ದೆ, ಹಾಗೆಂದೇ ನಂಬಿದ್ದೆ. ಅವತ್ತು ಸಂಜೆ ದಿನಚರಿ ತೆಗೆದರೆ ಆಸ್ಟಿನ್‌ನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಅಂಕಲ್ ತಿರುವಿನಲ್ಲಿ ನಿಂತರು, ಮೂರು ಸಲ. ನೀರು ಬಲಗಡೆ ಇರಲಿ, ಅಷ್ಟು ನೋಡಿಕೊಳ್ಳಿ ಅಂದೆ. ಎಲ್ಲಿ ಕೆಡುತ್ತೆ ಅಂದರು. ಎಲ್ಲೂ ಕೆಡಲ್ಲ ಅಂದೆ. ಸರಿ ಅಂದರು."

ಸರಿ ಅಂದರು. ಇಪ್ಪತ್ತೈದು ವರ್ಷ ಯಾರ ಬಾಯಿಂದಲೂ ಆ ಉತ್ತರವನ್ನು ಒಪ್ಪದ ಮನುಷ್ಯ ಅವತ್ತು ನನ್ನಿಂದ ಒಪ್ಪಿಕೊಂಡರು. ಅದನ್ನು ಬರೆದುಕೊಂಡೆ, ಆದರೆ ಓದಿಕೊಳ್ಳಲಿಲ್ಲ.

ಹೊರಡುವ ಹಿಂದಿನ ದಿನ ಆಂಟಿ ಅಡುಗೆಮನೆಯಲ್ಲಿ ರೊಟ್ಟಿ ಕಟ್ಟುತ್ತಿದ್ದರು. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ದಿನಕ್ಕೆರಡರಂತೆ ಎಣಿಸಿ ಕಾಗದ ಸುತ್ತುತ್ತ, ಅಂಕಲ್‌ಗೆ ಕೇಳದಂತೆ ದನಿ ತಗ್ಗಿಸಿ ಕೇಳಿದರು.

"ಇವರು ಆರಾಮ ಅದಾರಲ್ಲ ತಮ್ಮಾ? ಒಮ್ಮೊಮ್ಮೆ ಹಾದಿ ತಪ್ಪಿದಂಗ ಮಾಡ್ತಾರ."

"ಆರಾಮಾಗಿದ್ದಾರೆ ಆಂಟಿ. ವಯಸ್ಸು, ಅಷ್ಟೇ."

ಇದಕ್ಕೆ ದಿನಚರಿಯ ಸಾಕ್ಷಿ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೇರೆ ಏನಾದರೂ ಹೇಳಿದ್ದೆನೇನೋ ಎಂಬ ಆಸೆಯಾದರೂ ತೀರುತ್ತಿತ್ತು. ಆದರೆ ಆ ಅಡುಗೆಮನೆಯಲ್ಲಿ ನಾನು ಹೇಳಿದ್ದು ಇದನ್ನೇ. ಟಿಕೆಟ್ ಆಗಿತ್ತು, ರಜೆ ಸಿಕ್ಕಿತ್ತು, ಫ್ರಿಜ್ಜಿನ ಮೇಲಿನ ಹಾಳೆ ಮೂರು ವರ್ಷದಿಂದ ಅಲ್ಲಿತ್ತು. ಹಿರಿಯರ ವಿಷಯದಲ್ಲಿ ನಾವು ಹೀಗೆಯೇ ಅಲ್ಲವೇ. ಅವರಿಗೆ ಬೇಜಾರಾಗದ ಹಾಗೆ ನಡೆದುಕೊಳ್ಳುವುದನ್ನೇ ಗೌರವ ಎಂದುಕೊಂಡಿರುತ್ತೇವೆ.

ಬ್ಲ್ವಾ ಎಂಬ ಊರಿನಿಂದ ಶುರುಮಾಡಿದೆವು. ಅಲ್ಲಿಂದ ಸೋಮ್ಯೂರ್‌ವರೆಗೆ ಹೆಚ್ಚುಕಡಿಮೆ ಎಲ್ಲ ದಿನವೂ ನಾವು ನದಿಯ ದಕ್ಷಿಣ ದಂಡೆಯಲ್ಲಿದ್ದೆವು, ಪಶ್ಚಿಮಕ್ಕೆ ಹೋಗುತ್ತಿದ್ದೆವು. ನೀರು ಬಲಗಡೆಗೇ ಇತ್ತು. ಅಗಲವಾದ, ಅವಸರವಿಲ್ಲದ ನದಿ. ನಡುನಡುವೆ ಮರಳಿನ ದಿಬ್ಬಗಳು. ಎಡಗಡೆ ಬಿಳೀ ಸುಣ್ಣಕಲ್ಲಿನ ಗೋಡೆಯಂಥ ಗುಡ್ಡ, ಅದರೊಳಗೆ ಕೊರೆದ ವೈನಿನ ನೆಲಮಾಳಿಗೆಗಳು, ಮೇಲೆ ದ್ರಾಕ್ಷಿ. ಅಂಕಲ್ ಮುಂದೆ, ನಾನು ಹಿಂದೆ. ನನ್ನ ಕಣ್ಣೆಲ್ಲ ಅವರ ಹಿಂದಿನ ಚಕ್ರದ ಮೇಲೆ. ಆ ಹನ್ನೊಂದು ದಿನದಲ್ಲಿ ನಾನು ನೋಡಿದ ಫ್ರಾನ್ಸಿಗಿಂತ ಆ ಚಕ್ರವೇ ಹೆಚ್ಚು ನೆನಪಿದೆ. ಕವಲು ಬಂದಾಗ ಅವರು ಬಲಕ್ಕೊಮ್ಮೆ ನೋಡಿ, ನೀರು ಕಂಡರೆ ಮುಂದಕ್ಕೆ ತುಳಿಯುತ್ತಿದ್ದರು. ಹಿಂದೆ ತಿರುಗುವುದು ನಿಂತುಹೋಗಿತ್ತು. ಸೂತ್ರ ಕೆಲಸ ಮಾಡುತ್ತಿದೆ ಎಂದು ನಾನು ಒಳಗೊಳಗೇ ಬೀಗಿದೆ.

ಒಂದು ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ವೈನ್ ರುಚಿ ನೋಡಲು ಕೊಟ್ಟಳು. ಅಂಕಲ್ ಕುಡಿಯುವವರಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ವಾಸನೆ ನೋಡಿ, ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆ ಎಂದು ಕನ್ನಡದಲ್ಲೇ ಆ ಹೆಂಗಸಿಗೆ ಹೇಳಿದರು. ಅವಳು ಬಹಳ ಗೌರವದಿಂದ ತಲೆದೂಗಿದಳು. ತೋಟದಲ್ಲಿ ಗೊಂಚಲು ಕೀಳುತ್ತಿದ್ದವರ ಹತ್ತಿರ ಹೋಗಿ ಬಳ್ಳಿಯ ಎತ್ತರವನ್ನು ಗೇಣಿನಿಂದ ಅಳೆದರು. ವಿಜಯಪುರದಲ್ಲಿ ತಲೆಯ ಮೇಲೆ ಚಪ್ಪರ ಹಬ್ಬಿಸುತ್ತಾರಂತೆ, ಇಲ್ಲಿ ಸೊಂಟದೆತ್ತರಕ್ಕೆ ಸಾಲಾಗಿ ನಿಲ್ಲಿಸಿದ್ದಾರೆ, ಇದನ್ನು ಅವಳಿಗೆ ಹೇಳಬೇಕು, ಮರೆಯದ ಹಾಗೆ ನೆನಪು ಮಾಡು ಎಂದರು. ನಾನು ಗೋಡೆಯ ಮೇಲಿರುವ ಆ ಫೋಟೋ ತೆಗೆದದ್ದು ಆಗಲೇ. ಅವರ ಕೈಯಲ್ಲಿ ಅರ್ಧ ರೊಟ್ಟಿ, ಉಳಿದರ್ಧ ನನ್ನ ಬಾಯಲ್ಲಿತ್ತು. ಅವತ್ತು ಇದರ ಜೊತೆ ಇನ್ನೂ ನಾಲ್ಕು ತೆಗೆದಿದ್ದೆ. ನಾಲ್ಕು ಗಂಟೆಗೆ ಆಂಟಿಗೆ ಬೇರೊಂದನ್ನು ಕಳಿಸಿದೆ. ಇದು ಫೋನಿನಲ್ಲಿ ಉಳಿಯಿತು.

ಮಾರನೇ ದಿನ ಬೆಳಿಗ್ಗೆ ಸೋಮ್ಯೂರ್ ಬಿಟ್ಟೆವು. ಊರ ಮೇಲೆ ದಿಬ್ಬದಲ್ಲಿ ಒಂದು ಬಿಳೀ ಕೋಟೆ ಇದೆ. ಅದರ ನೆರಳಲ್ಲೇ ಸೈಕಲ್ ಹತ್ತಿದ್ದೆವು. ಹದಿನಾರು ಹದಿನೇಳು ಕಿಲೋಮೀಟರ್ ಆದ ಮೇಲೆ ದಾರಿ ಸೇತುವೆ ಹತ್ತಿ ಉತ್ತರ ದಂಡೆಗೆ ಹೋಗುತ್ತದೆ. ಸೇತುವೆಗೆ ಮೊದಲು ಒಂದು ಹಳ್ಳಿ. ನೀರು ತರುತ್ತೇನೆ ಎಂದು ನಾನು ನಿಂತೆ. ಅಂಗಡಿಯಲ್ಲಿ ಜನವಿತ್ತು. ಸೇತುವೆ ದಾಟಿ ನಿಧಾನಕ್ಕೆ ಹೋಗ್ತಾ ಇರ್ತೀನಿ ಎಂದರು ಅಂಕಲ್. ಹೋಗಿ ಎಂದೆ. ಅವರ ಫೋನು ಚಾರ್ಜಿಗೆಂದು ನನ್ನ ಚೀಲದಲ್ಲಿತ್ತು. ಇದು ಹೊಳೆದದ್ದು ಸೇತುವೆ ದಾಟಿದ ಮೇಲೆ.

ಆಚೆ ದಂಡೆಯಲ್ಲಿ ಅವರಿರಲಿಲ್ಲ. ಪಶ್ಚಿಮಕ್ಕೆ ಜೋರಾಗಿ ತುಳಿದೆ. ಹತ್ತು ಕಿಲೋಮೀಟರ್ ಹೋದರೂ ಕಾಣಲಿಲ್ಲ. ನನಗಿಂತ ಇಪ್ಪತ್ತು ನಿಮಿಷ ಮುಂಚೆ ಹೊರಟವರು ಅಷ್ಟು ದೂರ ಹೋಗಲು ಸಾಧ್ಯವಿಲ್ಲ. ಹಿಂದಕ್ಕೆ ಬಂದೆ. ಎದುರು ಬಂದವರನ್ನೆಲ್ಲ ನಿಲ್ಲಿಸಿ ಕೇಳಿದೆ. ಹಳದಿ ಟೀ ಶರ್ಟು, ವಯಸ್ಸಾದ ಇಂಡಿಯನ್. ಯಾರೂ ನೋಡಿರಲಿಲ್ಲ. ಸೇತುವೆಯ ಮೇಲೆ ನಿಂತು ಕೆಳಗಿನ ನೀರು ನೋಡಿದೆ. ನೋಡಿದ್ದು ಯಾತಕ್ಕೆಂದು ಇಲ್ಲಿ ಬರೆಯುವುದಿಲ್ಲ. ಹಳ್ಳಿಗೆ ವಾಪಸ್ ಬಂದೆ, ಅಲ್ಲೂ ಇಲ್ಲ. ಮತ್ತೆ ಸೇತುವೆ, ಮತ್ತೆ ಪಶ್ಚಿಮ. ಹೀಗೆ ಎಷ್ಟು ಹೊತ್ತಾಯಿತೋ, ನಾನು ಮತ್ತೆ ಸೇತುವೆಯ ಮೇಲಿದ್ದಾಗ ನಾಲ್ಕು ಗಂಟೆಯ ಅಲಾರ್ಮ್ ಹೊಡೆದುಕೊಂಡಿತು.

ಅಲೆನ್‌ನಲ್ಲಿ ಆಂಟಿ ಚಹಾ ಲೋಟ ಹಿಡಿದು ಫೋನಿನ ಮುಂದೆ ಕೂತಿದ್ದಾರೆ. ಕಳಿಸದಿದ್ದರೆ ಫೋನ್ ಮಾಡುತ್ತಾರೆ. ಮಾಡಿದರೆ ಏನು ಹೇಳುವುದು. ನನ್ನ ಬೆರಳು ಹಿಂದಿನ ದಿನದ ಐದು ಫೋಟೋಗಳಲ್ಲಿ ಒಂದನ್ನು ಆರಿಸಿತು. ಬೆರಳು ಎಂದು ಬರೆದೆ. ನಾನು ಆರಿಸಿದೆ. ಹಿಂದಿನ ದಿನವೂ ಅದೇ ಟೀ ಶರ್ಟು ಇತ್ತೇ ಎಂದು ದೊಡ್ಡದು ಮಾಡಿ ನೋಡಿಕೊಂಡೇ ಕಳಿಸಿದೆ. ಕೆಳಗೆ, ಈಗಷ್ಟೇ ಸೇತುವೆ ದಾಟಿದೆವು ಎಂದು ಬರೆದೆ. ಆಂಟಿಯಿಂದ ಕೂಡಲೇ ಕೈ ಮುಗಿದ ಚಿಹ್ನೆ ಬಂತು.

ಆ ಚಿಹ್ನೆ ನೋಡಿದ ಮೇಲೆ ಯಾಕೋ ಅಂಕಲ್ ಕೇಳಿದ್ದ ಪ್ರಶ್ನೆ ನೆನಪಾಯಿತು. ಎಲ್ಲಿ ಕೆಡುತ್ತೆ. ಸೂತ್ರ ಇಲ್ಲಿ ಕೆಡುತ್ತದೆ, ನಾನು ನಿಂತಿರುವಲ್ಲೇ. ಆಸ್ಟಿನ್‌ನಲ್ಲಿ ನಾವು ನೀರಿನ ಸುತ್ತ ಹೋಗುತ್ತಿದ್ದೆವು, ಸೇತುವೆ ದಾಟಿದರೂ ನೀರು ಬಲಕ್ಕೇ ಇರುತ್ತಿತ್ತು. ಇಲ್ಲಿ ದಾಟಿದರೆ ಎಡಕ್ಕೆ ಬರುತ್ತದೆ. ನೀರು ಎಡಗಡೆ ಕಂಡ ಅಂಕಲ್ ತಪ್ಪು ದಾರಿ ಎಂದುಕೊಂಡು ಸೈಕಲ್ ತಿರುಗಿಸಿರಬೇಕು. ತಿರುಗಿಸಿದರೆ ನೀರು ಬಲಕ್ಕೆ. ಅಲ್ಲಿಂದ ಮುಂದೆ ಪೂರ್ತಿ ಧೈರ್ಯದಿಂದ, ಎಲ್ಲೂ ನಿಲ್ಲದೆ, ಬಂದ ದಿಕ್ಕಿಗೇ ಹೋಗುತ್ತಿರುತ್ತಾರೆ.

ಉತ್ತರ ದಂಡೆಯಲ್ಲಿ ಪೂರ್ವಕ್ಕೆ ತುಳಿದೆ. ಸೋಮ್ಯೂರ್‌ನ ಎದುರು ದಂಡೆಯಲ್ಲಿ, ಒಂದು ಮರದ ಕೆಳಗಿನ ಬೆಂಚಿನಲ್ಲಿ ಅವರು ಕೂತಿದ್ದರು. ಸೈಕಲ್ಲನ್ನು ನೀಟಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ನನ್ನನ್ನು ಕಂಡು, ಎಲ್ಲಿ ಹೋಗಿದ್ದೆ, ಎಷ್ಟು ಹೊತ್ತು ಕಾಯೋದು ಎಂದು ಸ್ವಲ್ಪ ಬೈದರು. ಆಮೇಲೆ ನದಿಯಾಚೆ ಕೈ ತೋರಿಸಿದರು.

"ಇಲ್ಲೂ ಅಂಥದೇ ಒಂದು ಕೋಟೆ ಇದೆ ನೋಡಯ್ಯ. ಈ ಜನಕ್ಕೆ ಒಂದು ಕಟ್ಟಿದ್ರೆ ಸಾಲೋದಿಲ್ಲ."

ಅದು ನಾವು ಬೆಳಿಗ್ಗೆ ಬಿಟ್ಟುಬಂದ ಕೋಟೆ. ನಾನು ಹೌದು ಅಂಕಲ್ ಎಂದೆ. ಏನು ಮಾಡಬೇಕೆಂದು ತೋಚದೆ ಫೋನ್ ತೆಗೆದು ಒಂದು ಫೋಟೋ ತೆಗೆದೆ. ಆ ಫೋಟೋವನ್ನು ಐದು ವರ್ಷ ಯಾರಿಗೂ ತೋರಿಸಿರಲಿಲ್ಲ. ನಾನೂ ಸರಿಯಾಗಿ ನೋಡಿರಲಿಲ್ಲ. ಆಮೇಲೆ ಟ್ಯಾಕ್ಸಿ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅಂಕಲ್ ಬ್ರೆಡ್ಡನ್ನು ಎರಡು ಮಾಡಿ ನನ್ನ ಕಡೆ ಒಂದು ಸರಿಸಿ, ತಮ್ಮದನ್ನು ಮುಟ್ಟದೆ, ಅದು ನಿನ್ನೆ ಬೆಳಿಗ್ಗೆ ನೋಡಿದ ಕೋಟೆನೇ ಅಲ್ವೇನಯ್ಯ ಎಂದು ಕೇಳಿದರು. ಹೌದೆಂದೆ. ಟೇಬಲನ್ನು ಬೆರಳಿನಿಂದ ಎರಡು ಸಲ ಕುಟ್ಟಿದರು. ಆ ಕುಟ್ಟುವಿಕೆಯ ನಂತರ ಅವರು ಪ್ರಶ್ನೆ ಕೇಳದೆ ಸುಮ್ಮನಾದದ್ದು ಅದೊಂದೇ ಸಲ.

"ಅವಳಿಗೆ ಹೇಳಬೇಡ" ಎಂದರು. "ಹೇಳಿದ್ರೆ ಸೈಕಲ್ ಮುಟ್ಟೋಕೆ ಬಿಡೋದಿಲ್ಲ."

ಹೇಳೋದಿಲ್ಲ ಎಂದು ಮಾತು ಕೊಟ್ಟೆ. ಉಳಿದ ದಿನಗಳಲ್ಲಿ ಅವರ ಪಕ್ಕದಲ್ಲೇ ತುಳಿದೆ. ಮನೆಗೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಗೊತ್ತಿರುವ ರಸ್ತೆಗಳಲ್ಲವೇ.

ಎಂಟು ತಿಂಗಳಾದ ಮೇಲೆ ಒಂದು ದಿನ ಪ್ಲೇನೋದ ಇಂಡಿಯನ್ ಅಂಗಡಿಗೆಂದು ಕಾರು ತೆಗೆದುಕೊಂಡು ಹೋದ ಅಂಕಲ್ ಸಂಜೆಯವರೆಗೂ ಬರಲಿಲ್ಲ. ಆಸ್ಟಿನ್‌ಗೆ ಇನ್ನೇನು ಅರ್ಧ ಗಂಟೆ ಇರುವಾಗ ಫ್ರೀವೇ ಪಕ್ಕದ ಕಬ್ಬಿಣದ ತಡೆಗೆ ಕಾರು ಉಜ್ಜಿ ನಿಂತಿತ್ತು. ಇನ್ನೊಂದು ಕಾರು ಅಲ್ಲಿರಲಿಲ್ಲ, ಅದೊಂದು ಪುಣ್ಯ. ಏರು ಅಭ್ಯಾಸಕ್ಕೆ ಹೊರಟಿದ್ದೇನೆ, ನನ್ನ ಗೆಳೆಯ ಹಿಂದೆ ಬರ್ತಾ ಇದ್ದಾನೆ ಎಂದು ಪೊಲೀಸರಿಗೆ ಹೇಳಿದರಂತೆ. ಕಾರಿನ ಹಿಂದೆ ಸೈಕಲ್ ಇರಲಿಲ್ಲ. ಬಲಗೈ ಮಣಿಕಟ್ಟು ಮುರಿದಿತ್ತು. ಅದು ಕೂಡಿದರೂ ಬ್ರೇಕ್ ಹಿಡಿಯುವ ಬಲ ಬರಲಿಲ್ಲ. ಅವರು ಮತ್ತೆ ಸೈಕಲ್ ಹತ್ತಲಿಲ್ಲ. ಆಸ್ಪತ್ರೆಯಲ್ಲೇ ಮರೆವಿನ ಕಾಯಿಲೆಯ ಹೆಸರು ಹೊರಬಂತು. ಅಲೆನ್‌ನ ಮನೆ ಖಾಲಿ ಮಾಡಿ, ಇಂಜಿನಿಯರ್ ಆಗಿರುವ ಮಗಳಿದ್ದ ಕ್ಲಿಯರ್ ಲೇಕ್‌ಗೆ ಶಿಫ್ಟ್ ಆದರು. ನಾನು ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕೊನೆಯ ವರ್ಷ ನಾನು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಬಿಸ್ಕತ್ತನ್ನು ಮಾತ್ರ ಎರಡು ಮಾಡುತ್ತಿದ್ದರು.

ಹನ್ನೆರಡನೇ ದಿನ ಬೆಳಿಗ್ಗೆಯೇ ಹೊರಟೆ. ಹ್ಯೂಸ್ಟನ್ ದಾಟಿ ಕ್ಲಿಯರ್ ಲೇಕ್ ತಲುಪುವವರೆಗಿನ ಐದು ಗಂಟೆಯೂ ಹೇಳುವ ಮಾತನ್ನು ಜೋಡಿಸಿದೆ, ಬಿಚ್ಚಿದೆ. ಹೇಳಿದರೆ ಅವರ ಕೊನೆಯ ಸಮಾಧಾನ ಕಸಿದುಕೊಂಡ ಹಾಗೆ. ಹೇಳದಿದ್ದರೆ ನಾಳೆ ಐವತ್ತು ಜನರ ಮುಂದೆ ಸುಳ್ಳನ್ನು ಇನ್ನೊಮ್ಮೆ ಹೇಳಬೇಕು. ಈ ಸಲ ಅಂಕಲ್ ಎದುರಿಗೇ, ಗೋಡೆಯ ಮೇಲಿಂದ ಅವರು ನೋಡುತ್ತಿರುವಾಗ. ಮಗಳು ಹೊರಗೆ ಹೋಗಿದ್ದಳು. ಆಂಟಿ ಒದ್ದೆ ಬಟ್ಟೆಯಿಂದ ಫೋಟೋದ ಗಾಜು ಒರೆಸುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಶುರುಮಾಡಿದರು. ಆ ಸೇತುವೆಯ ದಿನ ಬೆಳಿಗ್ಗೆ ಎದ್ದಾಗಿನಿಂದ ಕಾರಣವಿಲ್ಲದೆ ಅಂಜಿಕೊಂಡು ಕೂತಿದ್ದರಂತೆ. ಈ ಫೋಟೋ ಬಂದ ಮೇಲೆಯೇ ಜೀವಕ್ಕೆ ತಂಪಾದದ್ದಂತೆ. ಅದಕ್ಕೇ ಇದನ್ನು ಆರಿಸಿದ್ದಂತೆ.

ಕೂತುಕೊಳ್ಳಿ ಆಂಟಿ ಎಂದೆ. ಎಲ್ಲ ಹೇಳಿದೆ. ಆಸ್ಟಿನ್‌ನಿಂದ ಶುರುಮಾಡಿ, ಸೂತ್ರ ನನ್ನದೆಂದೂ, ಸೇತುವೆಯ ಮೇಲೆ ನಿಂತು ಟೀ ಶರ್ಟಿನ ಬಣ್ಣ ನೋಡಿಕೊಂಡು ಕಳಿಸಿದೆನೆಂದೂ. ಅವರು ಹೇಳಬೇಡ ಎಂದಿದ್ದರು ಎನ್ನುವುದನ್ನು ಕೊನೆಗೆ ಸೇರಿಸಿದೆ. ಅದು ನನ್ನ ವಕಾಲತ್ತು.

ಆಂಟಿ ಬಹಳ ಹೊತ್ತು ಒದ್ದೆ ಬಟ್ಟೆಯನ್ನು ಮಡಚುತ್ತಿದ್ದರು.

"ಅವರು ಹೇಳಬ್ಯಾಡ ಅಂದ್ರು, ಖರೆ. ನಾ ಅದಕ್ಕಿಂತ ಮೊದಲ ನಿನ್ನ ಕೇಳಿದ್ದೆ" ಎಂದರು. "ಎಂಟು ತಿಂಗಳ, ತಮ್ಮಾ. ಕಾರಿನ ಕೀಲಿ ಮರೆತು ಹೊಂಟ್ರ, ಹಿಂದಿನಿಂದ ಹೋಗಿ ನಾನ ಅವರ ಕೈಯಾಗ ಕೊಡ್ತಿದ್ದೆ."

ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆ ದಿನದ್ದು ಏನೂ ಇಲ್ಲವೇ ಎಂದು ಕೇಳಿದರು. ಒಂದಿದೆ ಎಂದು ಫೋನ್ ತೆಗೆದು ಕೊಟ್ಟೆ.

ಮರ, ಬೆಂಚು, ನದಿಯಾಚೆಯ ಕೋಟೆಯತ್ತ ಕೈ ಚಾಚಿ ಕೂತ ಅಂಕಲ್. ಆಂಟಿ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಮೊದಲು ಮುಖ. ಆಮೇಲೆ ಕೈ. ಆಮೇಲೆ ಬೆಂಚಿನ ಮೇಲೆ, ಅವರ ಪಕ್ಕಕ್ಕೆ ಸರಿದು, ಅಲ್ಲೇ ನಿಂತುಬಿಟ್ಟರು. ಅಲ್ಲಿ ಆಂಟಿ ಸುತ್ತಿದ್ದ ಕಾಗದ ಹರವಿತ್ತು. ಅದರ ಮೇಲೆ ಅರ್ಧ ರೊಟ್ಟಿ ಇತ್ತು. ಐದು ವರ್ಷ ಆ ಫೋಟೋ ನನ್ನ ಜೇಬಿನಲ್ಲಿತ್ತು, ಆ ರೊಟ್ಟಿಯನ್ನು ನಾನು ಕಂಡಿರಲಿಲ್ಲ.

"ನಿನಗ ತೆಗೆದಿಟ್ಟಾರ" ಎಂದರು ಆಂಟಿ.

ಯಾರೂ ಇಲ್ಲದಿದ್ದರೂ ಇಡುತ್ತಿದ್ದರಲ್ಲ ಆಂಟಿ, ಅಭ್ಯಾಸ ಎಂದೆ. ನನಗಾಗಿಯೇ ಎಂದು ಒಪ್ಪಿಕೊಂಡುಬಿಡುವ ಹಕ್ಕು ನನಗಿದೆ ಎನ್ನಿಸಲಿಲ್ಲ. ಆಂಟಿ ನನ್ನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ನಾಳೆ ಇದೆಲ್ಲವನ್ನೂ ಹೀಗೆಯೇ ಹೇಳು, ಬಿಡಬೇಡ ಎಂದರು. ಆಮೇಲೆ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಇದನ್ನ ನನಗ ಕಳಸು. ಆ ದಿನದ್ದು ನನಗ ಬಂದೇ ಇಲ್ಲ."

ಕಳಿಸಿದೆ. ಒಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಅವರ ಫೋನ್ ಒಮ್ಮೆ ಸದ್ದು ಮಾಡಿತು. ಈಗಷ್ಟೇ ನೋಡಿದ್ದರೂ, ಮಂಡಿಯ ಮೇಲೆ ಕೈಯೂರಿ ಎದ್ದು, ಆಂಟಿ ಅದನ್ನು ನೋಡಲು ಒಳಗೆ ಹೋದರು.